ಮಂಗನ ನೆಂಟಸ್ತಿಕೆ ನಮಗೆ ನಾಚಿಕೆಯಲ್ಲ



ಮೊನ್ನೆ ಸಂಜೆ ಯಡಿಯೂರು ಕೆರೆ ಹತ್ತಿರ ನಾವು ನಾಲ್ಕೈದು ಹುಡುಗರು ಡಾರ್ವಿನ್ ವಿಷಯ ಮಾತಾಡುತ್ತಿದ್ದೆವು. ನಾಯಿ ಹಿಡಿದು ವಾಕಿಂಗಿಗೆ ಬಂದ ಹಿರಿಯರೊಬ್ಬರು ನಿಂತು ಕೇಳಿಸಿಕೊಂಡು, 'ಮಂಗನಿಂದ ಬಂದೋರು ನೀವಿರಬಹುದಪ್ಪ, ನಾವಲ್ಲ' ಅಂದರು. ನಗುನಗುತ್ತಲೇ ಅಂದರು. ಅಂಥ ಎಷ್ಟೋ ಮನೆಗಳಲ್ಲಿ ನಾಯಿ ಸೋಫಾ ಮೇಲೆ ಮಲಗುತ್ತೆ. ಪಾತ್ರೆ ತೊಳೆಯೋ ನಮ್ಮ ಅವ್ವಂದಿರಿಗೆ ಹಿತ್ತಲ ಬಾಗಿಲು, ಬೇರೆ ಲೋಟ.

2018ರ ಜನವರಿಯಲ್ಲಿ ಆಗಿನ ಕೇಂದ್ರ ಮಂತ್ರಿ ಸತ್ಯಪಾಲ್ ಸಿಂಗ್ ಕೂಡ ಇದೇ ಧಾಟಿಯಲ್ಲಿ ಮಾತಾಡಿದ್ದರು. ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಿಕರು ಯಾರೂ ಕಂಡಿಲ್ಲ, ಡಾರ್ವಿನ್ ಹೇಳಿದ್ದು ತಪ್ಪು ಅಂತ. ಸರಿ ಸ್ವಾಮಿ. ಪುರುಷನ ಬಾಯಿಂದ ಬ್ರಾಹ್ಮಣ, ಪಾದದಿಂದ ಶೂದ್ರ ಹುಟ್ಟಿದ್ದನ್ನು ಯಾರು ಕಂಡರು? ಅಲ್ಲಿ ಸೂಲಗಿತ್ತಿ ಯಾರಿದ್ದಳು? ನಮ್ಮ ಕೇರಿಯ ಅಜ್ಜಿಯರು ಊರಿನ ಎಷ್ಟೋ ಹೆರಿಗೆ ಮಾಡಿಸಿದ್ದಾರೆ. ಕೂಸುಗಳೆಲ್ಲ ಬಂದದ್ದು ಒಂದೇ ದಾರಿಯಿಂದ.

ಬೈಬಲ್ ನಂಬುವವರಲ್ಲಿ ಹಲವರು ದೇವರು ಮನುಷ್ಯನನ್ನು ಪ್ರಾಣಿಗಳಿಂದ ಬೇರೆಯಾಗಿ ಮಾಡಿದ ಅಂತ ಡಾರ್ವಿನ್ ಮೇಲೆ ಜಗಳಕ್ಕೆ ನಿಂತರು. ನಮ್ಮ ದೇಶದ ಗೆರೆಯೇ ಬೇರೆ, ಅದನ್ನು ಎಳೆದದ್ದು ಮನುಷ್ಯರ ನಡುವೆ. ಮನುಸ್ಮೃತಿಯ 11ನೇ ಅಧ್ಯಾಯ ನೋಡಿ. ಬೆಕ್ಕು, ಕಪ್ಪೆ, ನಾಯಿ, ಕಾಗೆ ಕೊಂದವನಿಗೆ ಶೂದ್ರನನ್ನು ಕೊಂದಷ್ಟೇ ಪ್ರಾಯಶ್ಚಿತ್ತ. ಅದಕ್ಕೂ ಕೆಳಗಿನ ನಮ್ಮ ಲೆಕ್ಕ ಇಟ್ಟವರಾರು? ಮಹಾಡ್‌ನ ಚವದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು. ನಾವು ಕುಡಿಯಲಿಕ್ಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ನಡೆದು ಹೋಗಬೇಕಾಯಿತು.

ಅದಕ್ಕೇ ಸಭೆಗಳಲ್ಲಿ 'ನಾವೇನು ಪ್ರಾಣಿಗಳಾ?' ಅಂತ ಕೂಗುತ್ತೇವೆ. ಈ ಸಾಲಿಟ್ಟು ಪದ್ಯವನ್ನೂ ಬರೆದಿದ್ದೇವೆ. ಈಗ ಅನ್ನಿಸುತ್ತೆ, ಆ ಕೂಗು ಅರ್ಧ ತಪ್ಪು. ಪ್ರಾಣಿಗಳೇ ಹೌದು, ಎಲ್ಲರೂ. ಅಗ್ರಹಾರದವರೂ. ಮಂಗ ನಮ್ಮಪ್ಪನಲ್ಲ, ದಾಯಾದಿ. ಮನುಷ್ಯನ ಮನಸ್ಸಿಗೂ ಪ್ರಾಣಿಯ ಮನಸ್ಸಿಗೂ ಇರೋದು ಹೆಚ್ಚುಕಮ್ಮಿಯ ವ್ಯತ್ಯಾಸ, ಜಾತಿಯೇ ಬೇರೆಯಲ್ಲ ಎಂಬುದು 1871ರಲ್ಲಿ ಡಾರ್ವಿನ್ ಮಾಡಿದ ವಾದ. ನಮ್ಮ ಬಂಡೀಪುರದ ಮಂಗಗಳು 'ಕೂ' ಅಂತ ದನಿ ಮಾಡಿ, ಕೈ ಚಾಚಿ, ದಾರಿಹೋಕರ ಹತ್ತಿರ ತಿಂಡಿ ಕೇಳುತ್ತವೆ. ಅದು ಬರೀ ಚೇಷ್ಟೆಯಲ್ಲ, ಬೇಕೆಂದೇ ಮಾಡುವ ಸನ್ನೆ ಅಂತ ಬೆಂಗಳೂರಿನ ಅನಿಂದ್ಯ ಸಿನ್ಹಾ ಮತ್ತು ಜೊತೆಯವರು 2018ರಲ್ಲಿ ಬರೆದರು. ದನ ಕಾಯ್ದವರಿಗೆ ಇದೇನು ಹೊಸದಲ್ಲ. ಕರು ಸತ್ತ ಹಸು ಮೇವು ಮುಟ್ಟದೆ ನಿಂತದ್ದನ್ನು ನಮಗೆ ಹೇಳಿದವರು ಆ ಕರುವಿನ ಚರ್ಮ ಸುಲಿದ ನಮ್ಮಪ್ಪಂದಿರೇ.

ಒಂದು ಎಚ್ಚರ. ಡಾರ್ವಿನ್ ಹೆಸರು ಹೇಳಿಕೊಂಡೇ ಬಿಳಿಯರು ಕರಿಯರನ್ನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದರು. ಆದರೆ 1837ರಲ್ಲಿ ಆತ ತನ್ನ ನೋಟ್‌ಬುಕ್ಕಿನಲ್ಲಿ ಗೀಚಿದ್ದು ಏಣಿಯಲ್ಲ, ಕವಲೊಡೆದ ಮರ.

2023ರಲ್ಲಿ ಎನ್.ಸಿ.ಇ.ಆರ್.ಟಿ.ಯ 10ನೇ ತರಗತಿ ವಿಜ್ಞಾನ ಪುಸ್ತಕದಿಂದ ಆ ಮರವನ್ನೇ ಕಡಿದರು. 'ಅನುವಂಶೀಯತೆ ಮತ್ತು ವಿಕಾಸ' ಪಾಠದಲ್ಲಿ ವಿಕಾಸ ಹೋಯಿತು, ಅನುವಂಶೀಯತೆ ಉಳಿಯಿತು. ಹುಟ್ಟಿನ ಲೆಕ್ಕ ಮಾತ್ರ ಬೇಕು ನೋಡಿ ಇವರಿಗೆ! 1800ಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಸಹಿ ಹಾಕಿ ವಿರೋಧಿಸಿದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಇದೆಯಲ್ಲ ಅಂದರು ಮೇಲಿನವರು. ಅಲ್ಲಿ ತನಕ ವಿಜ್ಞಾನ ಓದೋರು ನಮ್ಮಲ್ಲಿ ಎಷ್ಟು ಜನ? ನಾವು ಆರ್ಟ್ಸ್ ಓದಿದವರು. ನಮಗೆ ಡಾರ್ವಿನ್ ಸಿಕ್ಕಿದ್ದೇ ಎಸ್.ಎಸ್.ಎಲ್.ಸಿ.ಯಲ್ಲಿ.

ಹಾಸ್ಟೆಲಿನಲ್ಲಿ ಹಳೇ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಭಾನುವಾರ ಯಡಿಯೂರು ಕೆರೆ ಹತ್ತಿರ ತನ್ನಿ, ಕಿರಿಯರ ಜೊತೆ ಕೂತು ಓದೋಣ. ಆ ಹಿರಿಯರು ಸಿಕ್ಕರೆ ಅವರನ್ನೂ ಕರೆಯುತ್ತೇವೆ. ನಾಯೀನೂ ಬರಲಿ.