ಹೊಸ ಪರದೆ, ಹಳೆಯ ದಾರಿ

ಎತ್ತಿನ ಗಾಡಿಯ ಕಾಲದಲ್ಲಿ ಗಾಡಿ ಹೊಡೆಯುವವನಿಗೆ ತೂಕಡಿಕೆ ಬಂದರೂ ಚಿಂತೆಯಿರಲಿಲ್ಲ. ದಾರಿ ಬಲ್ಲ ಎತ್ತುಗಳು ಸಂತೆಯಿಂದ ಹೊರಟು ತಮ್ಮ ಪಾಡಿಗೆ ತಾವು ನಡೆದು, ಮನೆಯ ಮುಂದೆ ನಿಂತು ಕೊರಳ ಗಂಟೆ ಅಲ್ಲಾಡಿಸುತ್ತಿದ್ದವು. ಆ ಎತ್ತುಗಳ ಕೆಲಸವನ್ನು ಈಗ ನಾವು ವಾಹನದ ಡ್ಯಾಶ್‌ಬೋರ್ಡಿನಲ್ಲಿ ಹೊಳೆಯುವ ಅಂಗೈಯಗಲದ ಗಾಜಿನ ಪರದೆಗೆ ಒಪ್ಪಿಸಿದ್ದೇವೆ. ಎತ್ತಿಗೆ ವಯಸ್ಸಾಗುವಂತೆ ಪರದೆಗೂ ವಯಸ್ಸಾಗುತ್ತದೆ. ಎತ್ತನ್ನು ಬದಲಿಸುವಾಗ ಹಲ್ಲು ಹಿಡಿದು ನೋಡುತ್ತಿದ್ದ ನಾವು, ಪರದೆಯನ್ನು ಬದಲಿಸುವಾಗ ಮಾತ್ರ ಅದರ ಹೊಳಪನ್ನಷ್ಟೇ ನೋಡಿ ಮರುಳಾಗುತ್ತೇವೆ.

ಕಳೆದ ವಾರ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇದೇ ಚರ್ಚೆ. ಹೊಸದುರ್ಗದ ಕಡೆ ತೆಂಗಿನ ತೋಟವಿರುವ ಮಿತ್ರರೊಬ್ಬರ ಬಳಿ ಕಲ್ಲುಮುಳ್ಳಿನ ದಾರಿಗೂ ಅಂಜದ ಜೀಪೊಂದಿದೆ. ಅದರ ಕಂಪನಿ ಫಿಟಿಂಗ್ ಪರದೆಯನ್ನು ಕೀಳಿಸಿ ಅದಕ್ಕಿಂತ ದೊಡ್ಡದೊಂದನ್ನು ಕೂರಿಸಬೇಕೆಂದು ಅವರ ಮಗನ ಹಟ. “ಸಾರ್, ಹಳೆಯದಕ್ಕೆ ದಾರಿಯೇ ಗೊತ್ತಿಲ್ಲವಂತೆ. ಹೊಸದನ್ನು ಹಾಕಿಸಿದರೆ ಎಲ್ಲ ಸರಿಹೋಗುತ್ತದೆಯಂತೆ. ತಾವೇನು ಹೇಳುತ್ತೀರಿ?” ಎಂದು ಅವರು ಕೇಳಿದರು. ಅವರಿಗೆ ನೀಡಿದ ಉತ್ತರವನ್ನೇ ತುಸು ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇನೆ. ಈ ಪ್ರಶ್ನೆ ಇಂದು ಅನೇಕ ಮನೆಗಳ ಊಟದ ಹೊತ್ತಿನ ಪ್ರಶ್ನೆಯೂ ಆಗಿದೆ.

ವಾಹನ ನಮಗೆ ದಾರಿ ತೋರಿಸುವಾಗ ಅಲ್ಲಿ ಮೂರು ಬೇರೆ ಬೇರೆ ವಸ್ತುಗಳು ಕೆಲಸಮಾಡುತ್ತಿರುತ್ತವೆ: ನಾವಿರುವ ಸ್ಥಾನವನ್ನು ತಿಳಿಸುವ ಆಕಾಶದ ಉಪಗ್ರಹಗಳು, ಆ ಸ್ಥಾನದ ಸುತ್ತಮುತ್ತ ಏನಿದೆಯೆಂದು ಹೇಳುವ ನಕ್ಷೆ, ಇವೆರಡನ್ನೂ ಕಣ್ಣಿಗೆ ಕಾಣಿಸುವ ಪರದೆ. ದಾರಿ ತಪ್ಪಿದಾಗ ಈ ಮೂವರಲ್ಲಿ ಅಪರಾಧಿ ಯಾರೆಂದು ವಿಚಾರಿಸದೆ, ಎದುರಿಗೆ ಸಿಕ್ಕುವ ಪರದೆಯನ್ನೇ ಶಿಕ್ಷಿಸುವುದು ನ್ಯಾಯವಲ್ಲ.

ಆಕಾಶದವರನ್ನು ಮೊದಲು ವಿಚಾರಿಸೋಣ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ, ತಮ್ಮ ಪರಮಾಣು ಗಡಿಯಾರದ ವೇಳೆಯನ್ನು ಬಿಡುವಿಲ್ಲದೆ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ, ಅವು ಬಂದು ಮುಟ್ಟಿದ ವೇಳೆಯ ಅಂತರದಿಂದ ನಮ್ಮ ಸ್ಥಾನ ಗೊತ್ತಾಗುತ್ತದೆ. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪೀತು! 2000ದ ಮೇ ತಿಂಗಳವರೆಗೆ ಅಮೆರಿಕವು ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಉದ್ದೇಶಪೂರ್ವಕವಾಗಿಯೇ ಮಸುಕುಗೊಳಿಸಿತ್ತು. ಆ ತೆರೆ ಸರಿದ ಮೇಲೆಯೇ ವಾಹನಗಳಿಗೆ ಈ ವಿದ್ಯೆ ನಿಜವಾಗಿ ಒದಗಿದ್ದು. ನಮ್ಮ ಇಸ್ರೋ ಸಂಸ್ಥೆಯೂ 2013ರಿಂದ ಉಪಗ್ರಹಗಳನ್ನು ಹಾರಿಸಿ ‘ನಾವಿಕ್’ ಎಂಬ ಸ್ವದೇಶಿ ವ್ಯವಸ್ಥೆಯನ್ನು ಕಟ್ಟಿತು. ಪರದೆ ಹಳೆಯದಾದ ಮಾತ್ರಕ್ಕೆ ಆಕಾಶವೇನೂ ಹಳೆಯದಾಗುವುದಿಲ್ಲ.

ಇಲ್ಲಿ ಅನೇಕರಿಗಿರುವ ಒಂದು ಭ್ರಮೆಯನ್ನು ನಿವಾರಿಸಬೇಕು. ಜೋಗಿಮಟ್ಟಿಯ ಗುಡ್ಡಗಳ ಮರೆಯಲ್ಲಿ ಮೊಬೈಲಿನ ಸಿಗ್ನಲ್ ಹೋದೊಡನೆ “ಜಿ.ಪಿ.ಎಸ್. ಹೋಯಿತು” ಎನ್ನುವುದುಂಟು. ಹೋಗುವುದು ಜಿ.ಪಿ.ಎಸ್. ಅಲ್ಲ, ಇಂಟರ್‌ನೆಟ್ಟಿನ ಮೂಲಕ ತುಂಡುತುಂಡಾಗಿ ಬರುತ್ತಿದ್ದ ನಕ್ಷೆ. ಮನೆಯಲ್ಲಿರುವಾಗಲೇ ಆ ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಹೊರಟರೆ ಸಿಗ್ನಲ್ಲಿಲ್ಲದ ಕಣಿವೆಯಲ್ಲಿಯೂ ನಾವಿರುವ ಎಡೆ ಚುಕ್ಕೆಯಾಗಿ ಕಾಣುತ್ತದೆ. ಇದಕ್ಕೆ ಹೊಸ ಪರದೆಯ ಖರ್ಚು ಬೇಕಿಲ್ಲ, ಮುನ್ನಾದಿನದ ಹತ್ತು ನಿಮಿಷ ಸಾಕು.

ನಿಜವಾದ ಅಪರಾಧಿ ಬಹುಮಟ್ಟಿಗೆ ನಕ್ಷೆಯೇ. ಹಳೆಯ ವಾಹನಗಳ ಪರದೆಯೊಳಗೆ ನಕ್ಷೆಯನ್ನು ತುಂಬಿಯೇ ಕಳಿಸಿರುತ್ತಾರೆ. ಅದು ತುಂಬಿದ ದಿನಕ್ಕೇ ನಿಂತಿರುತ್ತದೆ. ನಮ್ಮ ಜಿಲ್ಲೆಯಾದರೋ ನಿಂತಿಲ್ಲ. ಚಿತ್ರದುರ್ಗ ಹಿರಿಯೂರುಗಳನ್ನು ಹಾದುಹೋಗುವ ಹೆದ್ದಾರಿಗೆ 4 ಎಂದಿದ್ದ ಸಂಖ್ಯೆ 2010ರ ಪುನರ್ವಿಂಗಡಣೆಯಲ್ಲಿ 48 ಆಯಿತು. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳಿಗೆ ಹೋಗುವ ದಾರಿಗಳು, ಹೊಳಲ್ಕೆರೆಯ ಕಡೆ ಅದಿರಿನ ಲಾರಿಗಳು ತುಳಿದು ಮಾಡಿದ ದಾರಿಗಳು ನಕ್ಷೆಯಲ್ಲಿ ರಾಜಮಾರ್ಗಗಳಂತೆಯೇ ಕಂಡಾವು. ಹತ್ತಿರ ಹೋದರೆ ಗೇಟು ಹಾಕಿದ್ದೀತು. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಎಂಬತ್ತೊಂಬತ್ತು ವರ್ಷಗಳ ಅಂತರ! ವೇದಾವತಿಯ ಹಿನ್ನೀರು ಹಾಗೆ ಹೊಸದುರ್ಗದ ಕಡೆಗೆ ಚಾಚಿದಾಗ, ನಕ್ಷೆಯಲ್ಲಿ ದಾರಿಯಾಗಿರುವುದು ನೆಲದ ಮೇಲೆ ನೀರಾಗಿರಬಹುದು. ಪರದೆ ಏಳಂಗುಲದ್ದಾದರೇನು, ಹತ್ತಂಗುಲದ್ದಾದರೇನು, ಹಳೆಯ ನಕ್ಷೆಯನ್ನು ತೋರಿಸಿದರೆ ತಪ್ಪು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೆ.

ಹೆಸರುಗಳ ಪಾಡನ್ನು ಕನ್ನಡದ ಅಧ್ಯಾಪಕನಾಗಿ ನಾನು ಹೇಳದಿರಲಾರೆ. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ; ಅದೇ ‘ಹೊಳಲು’. ರೋಮನ್ ಲಿಪಿಯಲ್ಲಿ ಲಕಾರ ಳಕಾರಗಳೆರಡಕ್ಕೂ ಒಂದೇ ಅಕ್ಷರವಾದ್ದರಿಂದ, ಅದನ್ನು ನೋಡಿ ಓದುವ ಯಂತ್ರದ ಬಾಯಲ್ಲಿ ಹೊಳಲ್ಕೆರೆ ‘ಹೋಲಲ್ಕೇರೆ’ ಆಗಿ ಬಂದರೆ ಆಶ್ಚರ್ಯವಿಲ್ಲ. ಇದು ನಕ್ಕು ಮರೆಯುವ ಮಾತು. ಆದರೆ ಹೊಸದುರ್ಗವೆಂಬ ಹೆಸರಿನ ಊರು ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿಯೂ ಉಂಟು. ಅಲ್ಲಿಯ ತಾಲೂಕಿಗೂ ಅದೇ ಹೆಸರು. ಜಿಲ್ಲೆಯ ಹೆಸರನ್ನು ಗಮನಿಸದೆ ಪರದೆಯನ್ನು ಒತ್ತಿದವರು ತೆಂಗಿನ ತೋಟಕ್ಕೇ ತಲಪಿಯಾರು, ಆದರೆ ಅದು ಅರಬ್ಬೀ ಸಮುದ್ರದ ದಂಡೆಯ ತೋಟವಾಗಿದ್ದೀತು!

ಇನ್ನು ಪರದೆಯ ವಿಚಾರ. ಅದು ನಿಜವಾಗಿಯೂ ಕೆಟ್ಟಿದ್ದರೆ, ಮುಟ್ಟಿದರೆ ಮಾತಾಡದಿದ್ದರೆ, ಬಿಸಿಲಿನಲ್ಲಿ ಏನೂ ಕಾಣದಿದ್ದರೆ ಬದಲಿಸುವುದು ತಪ್ಪಲ್ಲ. ಆದರೆ ಕಂಪನಿ ಕೂರಿಸಿದ ಪರದೆ ಕೇವಲ ನಕ್ಷೆಯ ಚೌಕಟ್ಟಲ್ಲವೆಂಬುದನ್ನು ತಿಳಿದಿರಬೇಕು. ವಾಹನದ ನರಮಂಡಲವೇ ಅದಕ್ಕೆ ಬಂದು ಸೇರಿರುತ್ತದೆ. ಹಿಂದಕ್ಕೆ ಸರಿಯುವಾಗ ತೋರುವ ರಿವರ್ಸ್ ಕ್ಯಾಮರಾ, ಸ್ಟೀರಿಂಗಿನ ಮೇಲಿನ ಗುಂಡಿಗಳು, ಕೆಲವು ಜೀಪುಗಳಲ್ಲಿ ವಾಹನ ಎಷ್ಟು ಓರೆಯಾಗಿದೆಯೆಂದು ಏರಿಳಿಜಾರಿನಲ್ಲಿ ಎಚ್ಚರಿಸುವ ಮಾಪಕ, ಇವೆಲ್ಲ ತಂತಿಗಳ ಮೂಲಕ ಸಂಕೇತಗಳ ಭಾಷೆಯಲ್ಲಿ ಮಾತನಾಡುತ್ತಿರುತ್ತವೆ. ಹೊರಗಿನಿಂದ ತಂದ ಪರದೆಗೆ ಆ ಭಾಷೆ ಬಾರದು. ನಡುವೆ ದುಭಾಷಿಯಂತೆ ಒಂದು ಪುಟ್ಟ ಪೆಟ್ಟಿಗೆ ಬೇಕು. ಅದು ನಮ್ಮ ವಾಹನಕ್ಕೆ ಹೊಂದುವಂಥದ್ದಲ್ಲದಿದ್ದರೆ ಹಾಡು ಕೇಳುತ್ತದೆ, ಕ್ಯಾಮರಾ ಕುರುಡಾಗುತ್ತದೆ. ಮಕ್ಕಳು ಆಡುವ ಅಂಗಳಕ್ಕೆ ಜೀಪನ್ನು ಹಿಂದಕ್ಕೆ ಸರಿಸುವ ಗೃಹಸ್ಥನಿಗೆ ಹಾಡು ಮುಖ್ಯವೋ, ಕ್ಯಾಮರಾ ಮುಖ್ಯವೋ ನೀವೇ ಹೇಳಿ.

ಆದ್ದರಿಂದ ಅಂಗಡಿಗೆ ಹೋದಾಗ ಬೆಲೆಗಿಂತ ಮೊದಲು ಕೇಳಬೇಕಾದ ಮಾತುಗಳಿವು. ಮೂಲ ವೈರುಗಳನ್ನು ಕತ್ತರಿಸದೆ, ಹೊಂದುವ ಕನೆಕ್ಟರಿನಿಂದಲೇ ಜೋಡಿಸುತ್ತೀರಾ? ಕತ್ತರಿಸಿ ಟೇಪು ಸುತ್ತಿದ ವೈರು ವಾರಂಟಿಗೂ ಕುತ್ತು, ಕುಲುಕುವ ದಾರಿಯಲ್ಲಿ ಪ್ರಾಣಕ್ಕೂ ಕುತ್ತು. ಹಳೆಯ ಕ್ಯಾಮರಾ, ಸ್ಟೀರಿಂಗಿನ ಗುಂಡಿಗಳು ಕೆಲಸಮಾಡುವುದನ್ನು ಇಲ್ಲಿಯೇ ತೋರಿಸುತ್ತೀರಾ? ಜಿ.ಪಿ.ಎಸ್. ಆಂಟೆನಾವನ್ನು ಎಲ್ಲಿ ಇಡುತ್ತೀರಿ? ಅದು ಮುಂಗಾಜಿನ ಕೆಳಗೆ ಆಕಾಶ ಕಾಣುವಂತಿರಬೇಕು. ಲೋಹದ ಮರೆಯಲ್ಲಿ ತುರುಕಿದರೆ ಎಷ್ಟು ದುಬಾರಿಯ ಪರದೆಯೂ ಕತ್ತಲೆಯಲ್ಲಿ ತಡವರಿಸುತ್ತದೆ. ಕೀಲಿ ತೆಗೆದ ಮೇಲೆ ಪರದೆ ಪೂರ್ತಿ ಆರುತ್ತದೆಯೆ? ಆರದಿದ್ದರೆ ವಾರವೊಪ್ಪತ್ತು ನಿಂತ ಜೀಪಿನ ಬ್ಯಾಟರಿ ಬರಿದಾದೀತು. ತೆಗೆದ ಹಳೆಯ ಪರದೆಯನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತನ್ನಿ; ವಾಹನ ಮಾರುವ ದಿನ ಅದು ಬೇಕಾಗುತ್ತದೆ. ಹೊಸದರ ಬೆಲೆಯನ್ನು ವಿಮಾ ಪತ್ರದಲ್ಲಿ ಪ್ರತ್ಯೇಕವಾಗಿ ಸೇರಿಸಿಕೊಳ್ಳುವುದನ್ನೂ ಮರೆಯಬೇಡಿ.

ಪರದೆ ಎಷ್ಟೇ ಚೆನ್ನಾಗಿರಲಿ, ನೆಲದ ಸ್ವಭಾವ ಅದಕ್ಕೆ ತಿಳಿಯದು. ಹಿರಿಯೂರಿನ ಎರೆಮಣ್ಣಿನ ಹೊಲದ ದಾರಿ ಬೇಸಗೆಯಲ್ಲಿ ಸಿಮೆಂಟಿನಂತೆ. ಒಂದು ಹದ ಮಳೆ ಬಿದ್ದರೆ ನಾಲ್ಕು ಗಾಲಿಯ ಬಲವುಳ್ಳ ಜೀಪನ್ನೂ ಅಚ್ಚಿನವರೆಗೆ ನುಂಗಬಲ್ಲದು. ನಕ್ಷೆಯಲ್ಲಿ ಎರಡು ದಿನವೂ ಅದು ಒಂದೇ ಗೆರೆ. ನೆನ್ನೆ ಮಳೆ ಎಲ್ಲಿ ಬಿತ್ತೆಂದು ಬಲ್ಲವನು ಕುರಿ ಕಾಯುವ ಹುಡುಗ. ಜೀಪು ನಿಲ್ಲಿಸಿ “ಏನಪ್ಪಾ, ಹಳ್ಳ ದಾಟಬಹುದೆ?” ಎಂದು ಕೇಳುವುದರಲ್ಲಿ ಅವಮಾನವೇನಿದೆ? ನಮ್ಮ ದುರ್ಗದ ಏಳು ಸುತ್ತಿನ ಕೋಟೆಗೆ ಮುತ್ತಿಗೆ ಹಾಕಿದ ಹೈದರಾಲಿಯ ಸೈನಿಕರಿಗೆ ಒಳದಾರಿ ತಿಳಿದದ್ದು, ಕಿಂಡಿಯಲ್ಲಿ ನುಸುಳಿದ ಒಬ್ಬ ಸಾಮಾನ್ಯ ಹೆಂಗಸನ್ನು ಕಂಡಾಗ ಎನ್ನುತ್ತದೆ ಐತಿಹ್ಯ. ಅದೇ ಕಿಂಡಿಯಲ್ಲಿ ಒನಕೆ ಹಿಡಿದು ಕಾದು ನಿಂತವಳು ಓಬವ್ವ. ನೆಲದ ದಾರಿ ನೆಲದವರಿಗೇ ಚೆನ್ನಾಗಿ ತಿಳಿದಿರುತ್ತದೆ.

ಕಾನೂನಿನ ಮಾತನ್ನೂ ಕೇಳಿ. ದಾರಿ ನೋಡುವುದಕ್ಕಾಗಿ, ಚಾಲಕನ ಗಮನ ಕೆಡದಂತೆ ಮಾತ್ರ ಕೈಯಲ್ಲಿ ಹಿಡಿಯುವ ಉಪಕರಣವನ್ನು ಬಳಸಬಹುದೆಂದು 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ದೊಡ್ಡ ಪರದೆಯಲ್ಲಿ ಸಿನಿಮಾ ನೋಡುತ್ತ ಚಾಲನೆ ಮಾಡುವ ಚಪಲಕ್ಕೆ ಈ ವಿವೇಕವೇ ಉತ್ತರ.

ಮಿತ್ರರಿಗೆ ನಾನು ಹೇಳಿದ್ದಿಷ್ಟು: ಮೊದಲು ಹೊಸ ನಕ್ಷೆ ದೊರೆಯುವುದೆ ಎಂದು ವಿಚಾರಿಸಿ, ದೊರೆಯದಿದ್ದರೆ ಕೆಲವು ನೂರು ರೂಪಾಯಿಯ ಒಂದು ಹಿಡಿಕೆ ತಂದು ಫೋನನ್ನೇ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿ, ಅಷ್ಟರಿಂದಲೂ ತೃಪ್ತಿಯಾಗದಿದ್ದರೆ ಮಾತ್ರ ಸಾವಿರಗಳ ಮಾತೆತ್ತಿ. ಮನೆಯಲ್ಲಿ ಅಕ್ಕಿಯ ಚೀಲ ಹಳೆಯದಾಯಿತೆಂದು ಯಾರೂ ಕಣಜವನ್ನೇ ಕೆಡವುವುದಿಲ್ಲ. ಯಾವುದು ಹಳೆಯದಾಗಿದೆಯೆಂದು ಸರಿಯಾಗಿ ಗುರುತಿಸಿ, ಅದಷ್ಟನ್ನೇ ಬದಲಿಸುವವನು ಜಾಣ ಗೃಹಸ್ಥ. ಉಳಿದ ಹಣದಲ್ಲಿ ಒಂದು ಜೊತೆ ಒಳ್ಳೆಯ ಟೈರು ಬಂದೀತು. ಎರೆಮಣ್ಣಿನ ದಾರಿಯಲ್ಲಿ ಅದರ ಉಪಕಾರವೇ ಹೆಚ್ಚು.