ಭಾನುವಾರ ಪಾಠ, ಸೋಮವಾರ ವಿಷ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಪರಿಸರ ಪಾಠದ ಭರಾಟೆ. ಜೂನ್ 5ಕ್ಕೆ ಸಸಿ ನೆಡುವುದು, ಭಾನುವಾರ ಮಕ್ಕಳಿಗೆ ಪಕ್ಷಿ ವೀಕ್ಷಣೆ, ಮೇ 20ರ ವಿಶ್ವ ಜೇನು ದಿನಕ್ಕೆ ಚಿತ್ರಸ್ಪರ್ಧೆ. ಸಂತೋಷವೇ. ಆದರೆ ನಿಜವಾದ ಹೆಜ್ಜೇನು ಬಂದು ಏಳನೇ ಮಹಡಿಯ ಬಾಲ್ಕನಿಗೆ ಕಟ್ಟಿತೋ, ಅದೇ ನಿವಾಸಿಗಳ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗದ್ದಲ ಶುರು. ಕತ್ತಲಾಗುತ್ತಲೇ ಪೆಸ್ಟ್ ಕಂಟ್ರೋಲ್‌ನವರು ಹಗ್ಗ ಹಿಡಿದು ಇಳಿಯುತ್ತಾರೆ. ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ರಾಶಿ ಬಿದ್ದ ಹುಳುಗಳನ್ನು ಹೌಸ್‌ಕೀಪಿಂಗ್‌ನವರು ಗುಡಿಸಿ ಚೀಲಕ್ಕೆ ತುಂಬುತ್ತಿರುತ್ತಾರೆ. ಇನ್ನೂ ಸಾಯದವು ಬೆನ್ನ ಮೇಲೆ ಬಿದ್ದು ಗಿರಗಿರ ಸುತ್ತುತ್ತಿರುತ್ತವೆ. ಚಿತ್ರ ಬರೆದ ಮಕ್ಕಳು ಅದನ್ನು ದಾಟಿಕೊಂಡೇ ಶಾಲೆಯ ಬಸ್ ಹತ್ತಬೇಕು. ಅವರ ತಲೆಯಲ್ಲಿ ಉಳಿಯುವ ಪಾಠ ಯಾವುದು?

ಹೆಜ್ಜೇನು ಅಪಾಯಕಾರಿ ಎಂಬ ಮಾತು ಸುಳ್ಳಲ್ಲ. ಅಲರ್ಜಿ ಇರುವವರ ಪ್ರಾಣಕ್ಕೆ ಒಂದೇ ಕುಟುಕು ಸಾಕು. ಕೆರಳಿದ ಹಿಂಡು ಚಿಕ್ಕವರು ದೊಡ್ಡವರೆಂದು ನೋಡುವುದಿಲ್ಲ. ಮಕ್ಕಳು ಆಡುವ ಜಾಗದ ನೆತ್ತಿಯ ಮೇಲೆ ಕಟ್ಟಿದ ಹುಟ್ಟನ್ನು ತೆಗೆಸಲೇಬೇಕು. ಆದರೆ ಬಲ್ಲವರು ರಾತ್ರಿ ಹೊಗೆ ಹಾಕಿ ಹುಳು ಎಬ್ಬಿಸುವುದು ಬೇರೆ, ಕೀಟನಾಶಕ ಸಿಂಪಡಿಸಿ ಸಂಸಾರ ಸಮೇತ ಕೊಲ್ಲುವುದು ಬೇರೆ. ಮೊದಲನೆಯದರಲ್ಲಿ ಜೇನಿಗೆ ಬೇರೆಡೆ ಬದುಕಿಕೊಳ್ಳುವ ದಾರಿ ಇರುತ್ತದೆ. ಎರಡನೆಯದರಲ್ಲಿ ಉಳಿಯುವುದು ವಿಷ ಕುಡಿದ ತುಪ್ಪ ಮಾತ್ರ.

ಇನ್ನು ಹದಿನಾಲ್ಕನೇ ಮಹಡಿಯ ಹೊರಗೋಡೆಗೆ ಕಟ್ಟಿದ ಹುಟ್ಟು ಯಾರಿಗೆ ಅಡ್ಡಿ? ಹೆಜ್ಜೇನು ತುಡುವೆಯಂತೆ ಪೆಟ್ಟಿಗೆಗೆ ಒಗ್ಗುವುದಿಲ್ಲ. ಬಯಲಲ್ಲೇ ಒಂದೇ ಎರಿ ಕಟ್ಟಿ, ಹೂವಿನ ಕಾಲ ಕಳೆದ ಮೇಲೆ ತಾನಾಗಿಯೇ ಊರು ಬಿಡುತ್ತದೆ. ರಾತ್ರಿ ಹುಳು ದೀಪಕ್ಕೆ ಬರುತ್ತವೆ ಎಂಬ ದೂರಿಗೆ ಮದ್ದು ಸುಲಭ: ಬಾಲ್ಕನಿಯ ದೀಪ ಆರಿಸಿ, ಪರದೆ ಎಳೆಯಿರಿ. ಕೆಲವು ತಿಂಗಳ ಮಟ್ಟಿಗೆ ಇಷ್ಟನ್ನೂ ಸೈರಿಸಲಾಗದವರು ಮಕ್ಕಳಿಗೆ ಸಹಬಾಳ್ವೆಯ ಉಪದೇಶ ಮಾಡುವುದು ಯಾವ ಬಾಯಲ್ಲಿ?

ಹೊಸಕೋಟೆ ತಾಲ್ಲೂಕಿನ ನಂದಗುಡಿ ಬಳಿಯ ರಾಮಗೋವಿಂದಪುರದಲ್ಲಿ ಹಳೆಯ ಆಲದ ಮರವೊಂದಿದೆ. ಹೆಜ್ಜೇನಿನ ನೂರಾರು ಹುಟ್ಟುಗಳು ಅದರಲ್ಲಿ ಜೋತುಬೀಳುತ್ತವೆ. ಊರವರು ಅದನ್ನು ಕಾಯ್ದುಕೊಂಡು ಬಂದಿದ್ದಾರೆ. ಜೇನಿನ ಮಗ್ಗುಲಲ್ಲಿ ಬದುಕುವುದು ಹೇಗೆಂದು ಅಲ್ಲಿನವರಿಗೆ ಯಾವ ಸ್ಪರ್ಧೆಯೂ ಕಲಿಸಿದ್ದಲ್ಲ. ಅಪಾರ್ಟ್‌ಮೆಂಟಿನವರು ಬೆಳಿಗ್ಗೆ ಕುಡಿಯುವ ಕಾಫಿಯಲ್ಲೂ ಈ ಹುಳುವಿನ ಋಣವಿದೆ: ಕೊಡಗಿನ ರೊಬಸ್ಟಾ ಗಿಡ ಕಾಯಿ ಕಚ್ಚಲು ಬೇರೆ ಗಿಡದ ಪರಾಗ ಬೇಕೇ ಬೇಕು, ಅದನ್ನು ಹೊತ್ತು ತರುವುದರಲ್ಲಿ ಹೆಜ್ಜೇನಿನದು ದೊಡ್ಡ ಪಾಲು.

ಪರಿಸರ ಶಿಕ್ಷಣ ಬೇಕಿರುವುದು ಮಕ್ಕಳಿಗಿಂತ ಮೊದಲು ಮ್ಯಾನೇಜಿಂಗ್ ಕಮಿಟಿಗೆ. ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ನಿರ್ಣಯ ಬರಲಿ: ಜೇನಿಗೆ ವಿಷ ಹೊಡೆಯುವಂತಿಲ್ಲ, ಅಪಾಯದ ಜಾಗದಲ್ಲಿದ್ದರೆ ಬಲ್ಲವರನ್ನೇ ಕರೆಸಬೇಕು, ಪೆಸ್ಟ್ ಕಂಟ್ರೋಲ್ ಗುತ್ತಿಗೆಯಲ್ಲಿ ಈ ಷರತ್ತು ಬರಹದಲ್ಲಿರಬೇಕು. ಇಷ್ಟಕ್ಕೆ ಕೈ ಎತ್ತಲಾಗದ ಸಂಘ ಚಿತ್ರಸ್ಪರ್ಧೆಯನ್ನೂ ನಿಲ್ಲಿಸಲಿ. ಮಕ್ಕಳಿಗೆ ಪರಿಸರದ ಪಾಠ ತಪ್ಪಿದರೂ ಚಿಂತೆಯಿಲ್ಲ, ಆಷಾಢಭೂತಿತನದ ಪಾಠವಾದರೂ ತಪ್ಪುತ್ತದೆ.