ನಿಗಡಿಯವರ ನೆಗಡಿ: ಮೂಗಿನ ಹನಿ ಎಷ್ಟು ದಿನ?

ನಿಗಡಿಯಲ್ಲಿದ್ದವರಿಗೆ ನೆಗಡಿ ಬಿಟ್ಟೀತೇ ಎಂದು ನಮ್ಮವರು ನಗುವುದುಂಟು. ಆದರೆ 3 ತಿಂಗಳಾದರೂ ಮೂಗು ಕಟ್ಟಿಯೇ ಇದ್ದರೆ ಅದು ಬರೀ ನೆಗಡಿಯಲ್ಲ. ಧೂಳು, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು ಇವುಗಳ ಅಲರ್ಜಿ, ಸೈನಸ್ ಊತ, ಮೂಗಿನ ನಡುಗೋಡೆಯ ಡೊಂಕು, ಪಾಲಿಪ್ – ಕಾರಣ ಹಲವು.

ಇನ್ನೊಂದು ಕಾರಣ ನಿಮ್ಮ ದಿಂಬಿನ ಪಕ್ಕದ ಮೂಗಿನ ಹನಿ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ಮೂಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ. ಮೂಗು ಕೂಡಲೇ ಬಿಡುತ್ತದೆ. ದಿನಗಟ್ಟಲೆ ಹಾಕಿದರೆ ಔಷಧ ಇಳಿದಾಗ ಊತ ಮತ್ತೆ ಬರುತ್ತದೆ, ಮತ್ತೆ ಹನಿ ಬೇಕಾಗುತ್ತದೆ. 3 ದಿನ, ಹೆಚ್ಚೆಂದರೆ 5 ದಿನ ಸಾಕು.

ಹೃದಯದ ಡಾಕ್ಟರಿಗೆ ಮೂಗಿನ ಉಸಾಬರಿ ಏಕೆ ಅನ್ನಬೇಡಿ. ಫಿನೈಲ್ಎಫ್ರಿನ್, ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳು ಬಿಪಿ ಏರಿಸಬಹುದು. ಊರಿಂದ ಬಂದ ಅಪ್ಪ-ಅಮ್ಮನಿಗೆ ಮರಾಠಿ ಬಾರದು. ಮೆಡಿಕಲ್ ಶಾಪಿನಲ್ಲಿ ‘ಬಿಪಿ ಇದೆ’ ಎಂದು ಹೇಳುವವರು ಯಾರು? ಚೀಟಿಯಿಲ್ಲದೆ ನೆಗಡಿ ಮಾತ್ರೆ ತರುವ ಅಭ್ಯಾಸವನ್ನೇ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕುದಿಸಿ ಆರಿಸಿದ ನೀರಿನ ಉಪ್ಪುದ್ರಾವಣದಿಂದ ಮೂಗು ತೊಳೆಯಿರಿ. ಅಲರ್ಜಿಗೆ ಸ್ಟಿರಾಯ್ಡ್ ಸ್ಪ್ರೇ ಕೊಟ್ಟರೆ ಹೆದರಬೇಡಿ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬಂದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಹೋಗಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು ಇದ್ದರೆ ತಡಮಾಡಬೇಡಿ. ಅದು ಬಿಪಿಗೂ ಹೃದಯಕ್ಕೂ ಕೆಟ್ಟದ್ದು.

ಇವತ್ತೇ ಮನೆಯ ಔಷಧದ ಡಬ್ಬಿ ತೆರೆದು ನೋಡಿ: ಬಿಪಿ ಮಾತ್ರೆಯ ಪಕ್ಕದಲ್ಲಿ ನೆಗಡಿ ಮಾತ್ರೆ ಇದೆಯೇ?